ನೀಲವ್ವ ಕೊಟ್ಟ ನಿರೋಪ

ಕೋವಿಡ್ ಗಲಾಟೆ ಅಡಗಿ ಎರಡು ವರ್ಷವಾಗಿತ್ತು. ಇಪ್ಪತ್ತಾರು ವರ್ಷ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಿ, ಸ್ವಯಂನಿವೃತ್ತಿ ಪಡೆದು, ನಾನೊಂದು ಸಂಶೋಧನಾ ತಂಡ ಸೇರಿದ್ದೆ. ಹುದ್ದೆಯ ಹೆಸರು ಸೀನಿಯರ್ ಫೀಲ್ಡ್ ರಿಸರ್ಚರ್. ಹೆಸರು ದೊಡ್ಡದು, ಕೆಲಸ ಬಸ್ ಹತ್ತಿ ಇಳಿಯುವುದು. ಮರಾಠಿ ಸೀಮೆಯ ಉದಗೀರದಲ್ಲಿ ಒಂದು ಕೋಣೆ ಹಿಡಿದು ನಿಲಂಗಾ, ಉಮರ್ಗಾ, ಲೋಹಾರಾ, ಜಳಕೋಟ ಕಡೆಯ ಹಳ್ಳಿಗಳಿಗೆ ವಾರದಲ್ಲಿ ಐದು ದಿನ ತಿರುಗುತ್ತಿದ್ದೆ.

ನಮ್ಮ ಅಧ್ಯಯನ ಪ್ಯಾಲಿಯೇಟಿವ್ ಕೇರ್ ಬಗ್ಗೆ. ಗುಣವಾಗದ ಕಾಯಿಲೆಯವರ ನೋವು, ವಾಂತಿ, ಉಸಿರಿನ ಕಷ್ಟ ಇಳಿಸಿ, ಉಳಿದ ದಿನಗಳು ನೆಮ್ಮದಿಯಿಂದ ಸಾಗುವಂತೆ ನೋಡಿಕೊಳ್ಳುವ ಚಿಕಿತ್ಸೆ ಅದು. ಇದರಲ್ಲಿ ಡಾಕ್ಟರು ಏನು ಹೇಳುತ್ತಾರೆ, ರೋಗಿಗೆ ಏನು ತಿಳಿಯುತ್ತದೆ, ಮನೆಯವರು ನಡುವೆ ಏನನ್ನು ಮುಚ್ಚಿಡುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ತಂಡದಲ್ಲಿ ಉಳಿದವರೆಲ್ಲ ಮರಾಠಿಯವರು. ಡಾಕ್ಟರುಗಳೂ ಮರಾಠಿಯಲ್ಲೇ ಮಾತಾಡುತ್ತಾರೆ. ಆದರೆ ಗಡಿಯ ಅನೇಕ ಮನೆಗಳಲ್ಲಿ ಅಂಗಳದ ಮಾತು ಮರಾಠಿ, ಒಲೆ ಮುಂದಿನ ಮಾತು ಕನ್ನಡ. ನಾನು ಬೀದರ ಕಡೆಯವಳು, ಎರಡೂ ಬರುತ್ತವೆ. ನನ್ನ ಓದಿಗಿಂತ ನನ್ನ ನಾಲಿಗೆಗೇ ಆ ಕೆಲಸ ಸಿಕ್ಕಿತೆಂದು ಗೆಳತಿಯರು ಚುಡಾಯಿಸುತ್ತಿದ್ದರು. ಸುಳ್ಳೇನಲ್ಲ.

ಕೆಲಸಕ್ಕೆ ಎರಡು ನಿಯಮಗಳಿದ್ದವು. ಒಂದು, ಸಂಶೋಧಕಿ ಚಿಕಿತ್ಸೆಯಲ್ಲಿ ಕೈಹಾಕಬಾರದು. ಕೇಳಬೇಕು, ಸಲಹೆ ಕೊಡಬಾರದು. ಎರಡು, ಮನೆಯ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ಪ್ರಾಣಾಪಾಯವಿದ್ದಾಗ ಮಾತ್ರ ವಿನಾಯಿತಿ. ಹುಟ್ಟಾ ಬಾಯಿಬಡುಕಿಯಾದ ನಾನು ಈ ಎರಡು ನಿಯಮಗಳನ್ನು ಪಾಲಿಸುತ್ತೇನೆಂಬುದು ನನಗೇ ಹೆಮ್ಮೆಯ ವಿಷಯವಾಗಿತ್ತು. ಹೊಸದಾಗಿ ಸೇರಿದ ಹುಡುಗಿಯರಿಗೆ ಆ ಬಗ್ಗೆ ಭಾಷಣವನ್ನೂ ಬಿಗಿಯುತ್ತಿದ್ದೆ.

ನೀಲವ್ವನ ಮನೆ ಕಾಸಾರಶಿರಸಿಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಸೋಯಾ ರಾಶಿ ನಡೆದಿತ್ತು. ಆಸ್ಪತ್ರೆಯ ಕಾಗದದಲ್ಲಿ ಆಕೆ ನೀಲಾಬಾಯಿ, ವಯಸ್ಸು ಎಪ್ಪತ್ತೊಂದು, ಪಿತ್ತಕೋಶದ ಕ್ಯಾನ್ಸರು, ಯಕೃತ್ತಿಗೆ ಹರಡಿದೆ. ಆಪರೇಷನ್ ಆಗುವ ಹಂತ ದಾಟಿತ್ತು. ದೊಡ್ಡಾಸ್ಪತ್ರೆಯವರು ಮನೆಗೆ ಕಳಿಸಿದ್ದರು. ಮನೆಮನೆಗೆ ಹೋಗುವ ರೇಖಾ ಸಿಸ್ಟರ್ ವಾರಕ್ಕೊಮ್ಮೆ ನೋಡಿ, ಮಾರ್ಫಿನ್ ಗುಳಿಗೆ ಕೊಟ್ಟು ಬರುತ್ತಿದ್ದಳು. ಮಾರ್ಫಿನ್ ಎಂದರೆ ಕ್ಯಾನ್ಸರಿನ ನೋವು ತಡೆಯುವ ಮುಖ್ಯ ಔಷಧ. ದಿನಕ್ಕೆ ಆರು ಸಲ, ಹತ್ತು ಮಿಲಿಗ್ರಾಂ, ತಪ್ಪದೆ. ಅವಳ ಜೊತೆ ನಾನು ಹೋದ ಮಂಗಳವಾರಕ್ಕೆ ಅದು ಸುರುವಾಗಿ ನಾಲ್ಕು ದಿನ ತುಂಬಿತ್ತು.

ಮಗ ಶಿವರಾಜ ನಮ್ಮನ್ನು ಅಂಗಳದಲ್ಲೇ ತಡೆದ. ನಲವತ್ತೈದರ ಆಸುಪಾಸಿನ, ಹಣೆ ತುಂಬ ವಿಭೂತಿ ಹಚ್ಚಿದ, ಕಡಿಮೆ ಮಾತಿನ ಮನುಷ್ಯ.

"ಮೇಡಂ, ಅವ್ವಗ ಹೊಟ್ಟಿ ಹುಣ್ಣು ಅಂತ ಹೇಳೀವ್ರಿ. ಆ ಇನ್ನೊಂದು ಹೆಸರು ಮನ್ಯಾಗ ತಗೀಬ್ಯಾಡ್ರಿ. ತಗದ್ರ ಆಕಿ ಅವತ್ತೇ ಹೋಗ್ತಾಳ."

ಇಂಥ ಕೋರಿಕೆ ನಮಗೆ ಹೊಸದಲ್ಲ. ಹತ್ತು ಮನೆಗಳಲ್ಲಿ ಎಂಟರಲ್ಲಿ ಇದೇ ಮಾತು. ಆಗಲಿ ಎಂದೆ. ರೇಖಾ ಸಿಸ್ಟರ್ ನಾಡಿ, ಬಿಪಿ ನೋಡಿ ಮುಂದಿನ ಮನೆಗೆ ಹೋದಳು. ನಾನು ಒಳಕೋಣೆಯಲ್ಲಿ ನೀಲವ್ವನ ಮುಂದೆ ಕೂತು, ಸಮ್ಮತಿಪತ್ರ ಓದಿ ಹೇಳಿದೆ. ನೀವು ಹೇಳಿದ್ದನ್ನು ಹೊರಗೆ ಯಾರಿಗೂ ಹೇಳುವುದಿಲ್ಲ, ಮನೆಯವರಿಗೂ ಹೇಳುವುದಿಲ್ಲ ಎಂದೆ. ಆಕೆ ಹೂಂ ಅಂದು ಹೆಬ್ಬೆಟ್ಟು ಒತ್ತಿದಳು. ಬಾಗಿಲು ಮುಂದೆ ಮಾಡಲು ಸೊಸೆಗೆ ಹೇಳಿ, ನನ್ನ ರೆಕಾರ್ಡರ್ ಕಡೆ ನೋಡಿ, "ಇದು ಗುರ್‌ ಅಂತದೇನು?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾರ ಇರ್ಲಿ," ಅಂದಳು.

ನಿಮಗೆ ಏನಾಗಿದೆ ಎಂದು ನಿಮಗನಿಸುತ್ತದೆ? ನಮ್ಮ ಪಟ್ಟಿಯ ಮೊದಲ ಪ್ರಶ್ನೆ ಅದು.

"ಹೊಟ್ಟಿ ಹುಣ್ಣು ಅಂತಾನ ನಮ್ಮ ಶಿವಾ," ಅಂದಳು. ಆಮೇಲೆ ನಕ್ಕಳು. "ಆ ದವಾಖಾನ್ಯಾಗ ನನ್ನ ಬಾಜೂಕ ಆರು ಮಂದಿ ಹೆಣಮಕ್ಕಳು ಕುಂತಿದ್ರು ತಂಗಿ. ಒಬ್ಬಾಕಿ ತಲಿ ಮ್ಯಾಗೂ ಕೂದ್ಲ ಇರಲಿಲ್ಲ. ಹೊಟ್ಟಿ ಹುಣ್ಣಿಗಿ ಯಾರ ಕೂದ್ಲ ಹೋಗ್ತಾವು?"

ಆಕೆಗೆ ಎಲ್ಲ ಗೊತ್ತಿತ್ತು. ಎಷ್ಟು ದಿನ ಎಂಬ ಅಂದಾಜೂ ಇತ್ತು. ಮಗನಿಗೆ ಯಾಕೆ ಹೇಳಿಲ್ಲ ಎಂದು ಕೇಳಿದೆ.

"ಅಂವಾ ಆ ಸುಳ್ಳು ಹಿಡಕೊಂಡೇ ಗಟ್ಟಿ ಇದ್ದಾನ. ನಾ ಹ್ಯಾಂಗ ಕಸ್ಕೊಳ್ಳಿ? ತಾಯಿ ಆಗಿ ಮಗನ ಮುಂದ ನಾ ಸಾಯ್ತೀನಪಾ ಅಂತ ಅನ್ನಾಕ ಬಾಯಿ ಬರ್ತದೇನು?"

ನೋವು ಎಷ್ಟಿದೆ ಎಂದು ಕೇಳಿದೆ. ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಹೇಳಿಸುವ ಪದ್ಧತಿ. ಹತ್ತೆಂದರೆ ತಾಳಲಾಗದ ನೋವು. ಆಕೆ ಎಂಟು ಅಂದಳು. ನಾಲ್ಕು ದಿನ ಮಾರ್ಫಿನ್ ತೆಗೆದುಕೊಂಡವರಿಗೆ ಎಂಟು ಇರಬಾರದು. ಗುಳಿಗೆ ಸರಿಯಾಗಿ ನುಂಗುತ್ತೀರಾ ಎಂದೆ. ಆಕೆ ದಿಂಬಿನ ಕೆಳಗಿಂದ ಎಲೆ ಅಡಿಕೆಯ ಚಂಚಿ ತೆಗೆದು ನನ್ನ ಮುಂದೆ ಬಿಚ್ಚಿದಳು. ಅಡಿಕೆ ಚೂರಿನ ನಡುವೆ ಬಿಳಿ ಗುಳಿಗೆಗಳು. ಎಣಿಸಿದೆ, ಇಪ್ಪತ್ತೆರಡು. ಎರಡು ಮಾತ್ರ ನುಂಗಿದ್ದಳು.

"ತಂಬಾಕು ಹಿಡದ ಗಲ್ಲ ಇದು ತಂಗಿ. ಗುಳಿಗಿ ಹಿಡ್ಯಾದಕ್ಕ ಏನು ತ್ರಾಸ? ಸೊಸಿ ಆಕಡಿ ತಿರಗತ್ಲೇ ಸೆರಗಿನಾಗ ಉಗುಳತೀನಿ."

ಯಾಕವ್ವಾ ಎಂದೆ. ಸಂಶೋಧಕಿ ಹಾಗೆ ಕನಿಕರದಿಂದ ಕೇಳಬಾರದು, ಬಾಯಿ ತಪ್ಪಿ ಬಂತು.

"ಮೊದಲನೇ ದಿನ ಎರಡು ನುಂಗಿದ್ದೆ. ದಿನವೆಲ್ಲ ಎಚ್ಚರಿಲ್ಲ. ಅಯ್ನೋರು ಬಂದಾಗ ನಾ ಹಂಗ ಬಿದ್ದಿದ್ರ, ವೀಳ್ಯೆ ಯಾರು ಕೊಡ್ತಾರ?"

ಓದುಗರಿಗೆ ಈ ವೀಳ್ಯೆಯ ಬಗ್ಗೆ ಹೇಳಬೇಕು. ಆ ಮನೆತನದಲ್ಲಿ, ಸಾವು ಹತ್ತಿರ ಬಂದವರಿಗೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಜಂಗಮರನ್ನು ಕರೆಸುತ್ತಾರೆ. ಆ ಕಡೆ ಅವರಿಗೆ ಅಯ್ನೋರು ಎನ್ನುತ್ತಾರೆ. ಹೊರಡುವವರು ಒಂದು ಬಟ್ಟೆಯಲ್ಲಿ ವಿಭೂತಿ ಗಟ್ಟಿ, ರುದ್ರಾಕ್ಷಿ, ಎಲೆ ಅಡಿಕೆ ಇಟ್ಟು, ಎಚ್ಚರದಲ್ಲಿ, ತಮ್ಮ ಕೈಯಾರೆ ಅಯ್ನೋರಿಗೆ ಒಪ್ಪಿಸುತ್ತಾರೆ. ಅಲ್ಲಿಗೆ ಈ ಲೋಕದ ಲೆಕ್ಕ ಮುಗಿಯಿತು. ವೀಳ್ಯೆ ಕೊಟ್ಟ ಮೇಲೂ ಬದುಕಿದರೆ ಅವರು ಮನೆಯಲ್ಲಿರಬಾರದು, ಮಠ ಸೇರಬೇಕು. ಆದ್ದರಿಂದ ಅಯ್ನೋರನ್ನು ಯಾರೂ ಸುಮ್ಮನೆ ಕರೆಯುವುದಿಲ್ಲ, ಹೋಗುವವರು ತಾವಾಗಿ ಕರೆಸುವುದೂ ಇಲ್ಲ. ಅದು ಮಗನ ಕೆಲಸ. ನೀಲವ್ವನ ಯಜಮಾನರು ಹಾಗೇ ಕೊಟ್ಟಿದ್ದರು, ಅತ್ತೆಯೂ ಕೊಟ್ಟಿದ್ದಳು.

"ನಮ್ಮ ಯಜಮಾನ್ರು ಕೊಟ್ಟು, ನಂಗ ಒಂದ ಸಲ ನೋಡಿ ನಕ್ರು," ಅಂದಳು. "ನಂಗೂ ಎಚ್ಚರ ಇರಬೇಕು. ಬ್ಯಾನಿ ಇದ್ರ ಇರ್ಲಿ. ಶಿವಾ ಕರಸ್ತಾನ, ಬರ್ತಾರ."

ಅದೇ ಮಧ್ಯಾಹ್ನ ಹೊಲದಲ್ಲಿ, ರಾಶಿಯ ಪಕ್ಕ ಶಿವರಾಜನ ಸಂದರ್ಶನ. ತಾಯಿಗೆ ಏನೂ ಗೊತ್ತಿಲ್ಲ ಎಂದ. ನಿಮ್ಮ ದೊಡ್ಡ ಚಿಂತೆ ಯಾವುದು ಎಂದು ಕೇಳಿದೆ.

"ಅಪ್ಪ ಕೈಯಾರೆ ವೀಳ್ಯೆ ಕೊಟ್ರು. ಅವ್ವಗೂ ಕೊಡಸಬೇಕು. ಖರೆ, ಅಯ್ನೋರು ಹೊಸ್ತಲಾ ದಾಟಿದ್ರಂದ್ರ ಆಕಿಗಿ ತಿಳೀತದ. ತಿಳದ್ರ ಎದಿ ಒಡದ ಹೋಗ್ತಾಳ. ಕರೀಲಿಕ್ಕ ಕಾಲ ಬರವಲ್ಲವು ಮೇಡಂ."

ಆ ಸಂಜೆ ಉದಗೀರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ನನ್ನ ಚೀಲದಲ್ಲಿ ಎರಡು ಧ್ವನಿಗಳಿದ್ದವು. ತಾಯಿ ಅಯ್ನೋರು ಬರಲೆಂದು ನೋವು ತಿನ್ನುತ್ತಿದ್ದಾಳೆ. ತಾಯಿಗೆ ತಿಳಿಯಬಾರದೆಂದು ಮಗ ಅಯ್ನೋರನ್ನು ಕರೆಯುತ್ತಿಲ್ಲ. ಇಬ್ಬರ ನಡುವೆ ಇದ್ದದ್ದು ಒಂದು ಗೋಡೆ, ಅದರ ಎರಡೂ ಕಡೆ ಕೂತು ಬಂದವಳು ನಾನೊಬ್ಬಳೇ. ಸಂಶೋಧಕಿಯಾಗಿ ಖುಷಿಯಾಯಿತೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಇಂಥ ಸ್ಪಷ್ಟ ಉದಾಹರಣೆ ಸಿಗುವುದು ಅಪರೂಪ ಎಂದುಕೊಂಡು ಟಿಪ್ಪಣಿ ಬರೆದೆ.

ಸುಮ್ಮನೆ ಕೂತೆ ಎಂದಲ್ಲ. ತಂಡದ ಮುಖ್ಯಸ್ಥರಿಗೆ ಮೇಲ್ ಮಾಡಿದೆ. ರೋಗಿ ಗುಳಿಗೆ ತೆಗೆದುಕೊಳ್ಳುತ್ತಿಲ್ಲ, ಕಾರಣ ಹೀಗಿದೆ, ಹೇಳಬಹುದೇ ಎಂದು ಕೇಳಿದೆ. ಪ್ರಾಣಾಪಾಯವಿಲ್ಲದ ಕಾರಣ ಗೋಪ್ಯತೆ ಮುರಿಯುವಂತಿಲ್ಲ, ಎಥಿಕ್ಸ್ ಕಮಿಟಿಯನ್ನು ಕೇಳುತ್ತೇನೆ, ಅಲ್ಲಿಯವರೆಗೆ ಕಾಯಿರಿ ಎಂದು ಉತ್ತರ ಬಂತು. ಮರ್ಯಾದೆಯ ಉತ್ತರ, ಅವರ ತಪ್ಪಿಲ್ಲ. ನೋವು ನಿಯಮದ ಪ್ರಕಾರ ಪ್ರಾಣಾಪಾಯವಲ್ಲ. ನಾನು ಕಾದೆ. ಜಳಕೋಟ, ಲೋಹಾರಾ ಕಡೆ ಬೇರೆ ಐದು ಮನೆ ಮಾಡಿದೆ.

ಇನ್ನೊಂದು ಮಾತೂ ಇದೆ, ಅದನ್ನು ಬರೆಯಲು ಕೈ ಹಿಂಜರಿಯುತ್ತದೆ. ಮಾರ್ಫಿನ್ನಿನ ಮಂಪರು ಹೆಚ್ಚಿನವರಲ್ಲಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆಮೇಲೆ ನೋವೂ ಇರುವುದಿಲ್ಲ, ಎಚ್ಚರವೂ ಇರುತ್ತದೆ. ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಇದನ್ನು ನಾನು ಗಿಣಿಪಾಠದಂತೆ ಹೇಳಿಕೊಟ್ಟವಳು. ನೀಲವ್ವನಿಗೆ ಡಾಕ್ಟರು ಹೇಳಿರಲಿಲ್ಲ, ಸಿಸ್ಟರ್ ಹೇಳಿರಲಿಲ್ಲ. ಚಂಚಿ ಬಿಚ್ಚಿ ತೋರಿಸಿದಾಗ ನಾನೂ ಹೇಳಲಿಲ್ಲ. ಯಾಕೆಂದರೆ ನಾನು ಕೇಳುವವಳು, ಹೇಳುವವಳಲ್ಲ.

ಒಂಬತ್ತನೆಯ ದಿನ, ಗುರುವಾರ, ಬೇರೆ ಮನೆಗೆಂದು ಹೊರಟಿದ್ದ ನಾನು ಕಾಸಾರಶಿರಸಿ ಬಸ್ ಸ್ಟ್ಯಾಂಡಿನಲ್ಲಿ ರೇಖಾ ಸಿಸ್ಟರ್‌ಳನ್ನು ಕಂಡೆ. ಚಹಾ ಕುಡಿಯುತ್ತ ನೀಲಾಬಾಯಿಯ ಸುದ್ದಿ ತೆಗೆದಳು. ಅಜ್ಜಿಯ ನೋವು ಇಳಿಯುತ್ತಲೇ ಇಲ್ಲ, ಡಾಕ್ಟರರಿಗೆ ಫೋನ್ ಮಾಡಿ ಡೋಸ್ ಎರಡು ಪಟ್ಟು ಮಾಡಿಸಿದ್ದೇನೆ, ನಾಳೆ ಇನ್ನೂ ಹೆಚ್ಚಿಸುತ್ತಾರಂತೆ ಎಂದಳು. ನಾನು ಕಪ್ಪು ಕೆಳಗಿಟ್ಟೆ. ಮೊದಲ ದಿನದ ಎರಡು ಬಿಟ್ಟು ಒಂದೂ ಗುಳಿಗೆ ನುಂಗದವಳಿಗೆ ಡೋಸ್ ಏರುತ್ತಿದೆ. ಒಂದು ದಿನ ಬೇನೆ ತಾಳದೆ ಅಷ್ಟನ್ನೂ ನುಂಗಿದರೆ ಉಸಿರೇ ನಿಲ್ಲಬಹುದು. ಈಗ ಅದು ಪ್ರಾಣಾಪಾಯವಾಗಿತ್ತು. ನಿಯಮದ ಬಾಗಿಲು ತೆರೆಯಿತು. ವಿಷಯವನ್ನು ಸಿಸ್ಟರ್‌ಗೆ ಹೇಳಿ, ಡೋಸ್ ತಡೆಯಲು ಡಾಕ್ಟರರಿಗೆ ಫೋನ್ ಮಾಡಿಸಿ, ಸಿಕ್ಕ ಆಟೋ ಹಿಡಿದೆ.

ನೀಲವ್ವನ ಕಣ್ಣುಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಒಂಬತ್ತು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಒಂದು ಮಗ್ಗುಲಾಗಿ ಮಲಗಿದ್ದಳು. ನನ್ನ ಗುರುತು ಹಿಡಿದಳು. ರೆಕಾರ್ಡರ್ ಹೊರಗೆ ತೆಗೆಯಲಿಲ್ಲ. ಹತ್ತಿರ ಬಗ್ಗಿ, ಅಂದು ನೀವು ಹೇಳಿದ್ದನ್ನು ನಿಮ್ಮ ಮಗನಿಗೆ ಹೇಳಲೇ ಅವ್ವಾ ಎಂದು ಕೇಳಿದೆ.

ಆಕೆ ನನ್ನನ್ನೇ ನೋಡಿದಳು. ಸಿಟ್ಟಲ್ಲ, ಅರ್ಥವಾಗದವರ ನೋಟ.

"ಇನ್ನಾ ಹೇಳಿಲ್ಲೇನು?"

ಇಲ್ಲ ಎಂದೆ.

"ನಾ ನಿಂಗ ನಿರೋಪ ಕೊಟ್ಟಿದ್ದೆನಲ್ಲ ತಂಗಿ. ಹೇಳ್ತಿ ಅಂತನ ನಿನ್ನ ಮುಂದ ಅಂದಿದ್ದೆ. ಅಂಗಳದಾಗ ಸಪ್ಪಳಾದ್ರ ಸಾಕು, ಅಯ್ನೋರು ಬಂದ್ರು ಅಂತಿದ್ದೆ."

ನಿರೋಪ ಎಂದರೆ ಒಬ್ಬರ ಕೈಯಲ್ಲಿ ಇನ್ನೊಬ್ಬರಿಗೆ ಕಳಿಸುವ ಮಾತು. ನಮ್ಮ ಕಡೆಯ ಮನೆಗಳಲ್ಲಿ ಭಾರದ ಮಾತು ನೇರ ಹೋಗುವುದಿಲ್ಲ. ಹೆಣ್ಣು ಒಪ್ಪಿದ್ದು, ಅಣ್ಣ ತಮ್ಮ ಬೇರೆಯಾಗುವುದು, ಸೊಸೆಗೆ ತವರಿನ ಸಾವು ತಿಳಿಸುವುದು, ಎಲ್ಲಕ್ಕೂ ನಡುವೆ ಒಬ್ಬರು ಬೇಕು. ತಾಯಿ ಬೆಳೆದ ಮಗನಿಗೆ ಹೇಳಲಾರದ್ದನ್ನು ಮನೆಗೆ ಬಂದು ಹೋಗುವ ಹೆಂಗಸಿನ ಮುಂದೆ ಹೇಳುತ್ತಾಳೆ. ಆ ಹೆಂಗಸು ಹೊರಗೆ ಹೋಗುವಾಗ ಮಗನನ್ನು ಪಕ್ಕಕ್ಕೆ ಕರೆಯುತ್ತಾಳೆ. ಇಷ್ಟೇ ಪದ್ಧತಿ. ಯಾರೂ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ನನ್ನ ಮದುವೆಗೆ ನಾನು ಒಪ್ಪಿದ್ದನ್ನು ಅಪ್ಪನಿಗೆ ಮುಟ್ಟಿಸಿದ್ದು ನನ್ನ ಸೋದರತ್ತೆ. ಅಂಥ ಮನೆಯಲ್ಲೇ ಬೆಳೆದ ನಾನು, ಆ ಮುದುಕಿಯ ಮಾತನ್ನು 'ಮಾಹಿತಿ' ಎಂದು ಬರೆದುಕೊಂಡು ಎದ್ದು ಬಂದಿದ್ದೆ. ಹೊರಗಿನವರು ಈ ತಪ್ಪು ಮಾಡಿದ್ದರೆ ಪಾಪ ಗೊತ್ತಿಲ್ಲ ಅನ್ನಬಹುದಿತ್ತು.

ಯಾರಿಗೂ ಹೇಳುವುದಿಲ್ಲವೆಂದು ಕಾಗದ ಓದಿದ್ದೆನಲ್ಲ ಎಂದು ತಡವರಿಸಿದೆ.

"ಅದು ಊರ ಮಂದಿಗಿ ಅಂತ ತಿಳದಿದ್ದೆ," ಅಂದಳು. "ಮಗಾ ಊರ ಮಂದಿ ಏನು?"

ಶಿವರಾಜ ಕೊಟ್ಟಿಗೆಯಲ್ಲಿ ಎಮ್ಮೆಗೆ ಹೊಟ್ಟು ಹಾಕುತ್ತಿದ್ದ. ನಿಂತಲ್ಲೇ ಹೇಳಿದೆ. ನಿಮ್ಮ ಅವ್ವನಿಗೆ ಎಲ್ಲ ಗೊತ್ತಿದೆ, ಮೊದಲಿನಿಂದ ಗೊತ್ತಿದೆ, ಗುಳಿಗೆ ನುಂಗಿಲ್ಲ, ವೀಳ್ಯೆಗಾಗಿ ಎಚ್ಚರ ಕಾಯುತ್ತಿದ್ದಾರೆ ಎಂದೆ. ಅವನು ಹೊಟ್ಟಿನ ಬುಟ್ಟಿ ಕೆಳಗಿಟ್ಟು ಅದರ ಪಕ್ಕದಲ್ಲೇ ಕೂತುಬಿಟ್ಟ. ಅಳಲಿಲ್ಲ. ಆಮೇಲೆ ಎದ್ದು ಕೈ ತೊಳೆದು ತಾಯಿಯ ಕೋಣೆಗೆ ಹೋದ. ಒಳಗೆ ಮಾತು ಕೇಳಿಸಲಿಲ್ಲ. ಹೊರಗೆ ಬಂದು ಅಯ್ನೋರಿಗೆ ಫೋನ್ ಹಚ್ಚಿದ. ಅವರು ನಿಲಂಗಾ ಆಚೆ ಒಂದು ಊರಲ್ಲಿ ಕಾರ್ಯದಲ್ಲಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆಂದರು.

ಡಾಕ್ಟರು ಫೋನಿನಲ್ಲಿ, ಹತ್ತಲ್ಲ, ಐದು ಮಿಲಿಗ್ರಾಂನಿಂದ ಮತ್ತೆ ಸುರು ಮಾಡಿ ಎಂದಿದ್ದರು. ಇಷ್ಟು ಸಣ್ಣ ಡೋಸಿಗೆ ನಿದ್ದೆ ಬರಲಿಕ್ಕಿಲ್ಲ, ಬಂದರೂ ಎರಡು ದಿನದಲ್ಲಿ ಇಳಿಯುತ್ತದೆ ಎಂದು ಈಗ ನೀಲವ್ವನಿಗೆ ಬಿಡಿಸಿ ಹೇಳಿದೆ.

"ನಾಳಿ ಕೊಡು ತಂಗಿ. ಅಯ್ನೋರು ಹೋದ ಮ್ಯಾಗ ಎಷ್ಟು ಕೊಟ್ರೂ ನುಂಗತೀನಿ. ಒಂದು ದಿನದ ಮಾತು."

ಮರುದಿನ ಮೊದಲ ಬಸ್ಸಿಗೆ ಬಂದೆ. ಅಂಗಳಕ್ಕೆ ಸಗಣಿ ಸಾರಿಸಿತ್ತು. ಸೊಸೆ ಬಾಗಿಲಲ್ಲೇ ನಿಂತಿದ್ದಳು. "ಬೆಳಿಗ್ಗಿನಿಂದ ಓ ಅನ್ನವಲ್ಲರು," ಅಂದಳು.

ಯಕೃತ್ತು ಪೂರ್ತಿ ಸೋತಾಗ ರಕ್ತದಲ್ಲಿ ವಿಷ ಸೇರಿ ಮಿದುಳಿಗೆ ಮಂಕು ಕವಿಯುತ್ತದೆ. ವೈದ್ಯಕೀಯದಲ್ಲಿ ಅದಕ್ಕೆ ಹೆಪಾಟಿಕ್ ಎನ್ಸೆಫಲೋಪತಿ ಎನ್ನುತ್ತಾರೆ. ಯಾವ ನಿದ್ದೆಗೆ ಹೆದರಿ ಆಕೆ ಅಷ್ಟು ದಿನ ನೋವು ತಿಂದಳೋ, ಆ ನಿದ್ದೆ ಗುಳಿಗೆಯಿಲ್ಲದೆ ತಾನಾಗಿ ಬಂದಿತ್ತು. ಹೆಸರು ಹಿಡಿದು ಕರೆದೆ, ನೋವಿಗಾದರೂ ಕಣ್ಣು ಬಿಡುತ್ತಾಳೇನೋ ಎಂದು ಎದೆಯ ಮೂಳೆ ಒತ್ತಿ ನೋಡಿದೆ. ಹುಬ್ಬು ಸ್ವಲ್ಪ ಗಂಟಿಕ್ಕಿತು, ಅಷ್ಟೇ.

ಅಯ್ನೋರು ಹತ್ತಕ್ಕೆ ಸರಿಯಾಗಿ ಬಂದರು. ಎಂಬತ್ತರ ಹತ್ತಿರದ ಸಣಕಲು ಮನುಷ್ಯ. ಸೊಸೆ ಒದ್ದೆ ಬಟ್ಟೆಯಿಂದ ಮೈ ಒರೆಸಿದಳು. ವಿಭೂತಿ ಹಚ್ಚಿದರು. ಶಿವರಾಜ ತಾಯಿಯನ್ನು ಎದೆಗೆ ಒರಗಿಸಿಕೊಂಡು ಕೂತು, ಬಟ್ಟೆಯ ಗಂಟನ್ನು ಆಕೆಯ ಅಂಗೈಯಲ್ಲಿಟ್ಟ. ಬೆರಳು ಮಡಚಲಿಲ್ಲ. ಮತ್ತೆ ಇಟ್ಟ, ಮತ್ತೆ ಜಾರಿತು. ಮೂರನೆಯ ಸಲ ತನ್ನ ಕೈಯಿಂದ ಆಕೆಯ ಬೆರಳು ಮುಚ್ಚಿ, ಹಾಗೇ ಹಿಡಿದುಕೊಂಡು, ಎತ್ತಿ ಅಯ್ನೋರಿಗೆ ಕೊಟ್ಟ.

"ಕೊಟ್ಟಾಕಿ ಆಕಿನೇ ಅಪ್ಪಾ," ಅಂದರು ಅಯ್ನೋರು. "ನಿನ್ನ ಕೈ ಬರೇ ಆಸರ."

ಶಿವರಾಜ ತಲೆಯಾಡಿಸಿದ. ಒಪ್ಪಿದ್ದಕ್ಕಲ್ಲ, ಹಿರಿಯರ ಮಾತಿಗೆ ತಲೆಯಾಡಿಸಬೇಕೆಂದು. ಆ ಮುಖ ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ಅತ್ತೆ. ನೀಲವ್ವ ಮತ್ತೆ ಎಚ್ಚರಾಗಲಿಲ್ಲ. ಭಾನುವಾರ ಮಧ್ಯಾಹ್ನ ಹೋದಳು. ಹೊಲದಲ್ಲಿ ಯಜಮಾನರ ಪಕ್ಕದಲ್ಲೇ, ಕುಳಿತ ಭಂಗಿಯಲ್ಲಿ ಮಣ್ಣು ಮಾಡಿದರು.

ಎಥಿಕ್ಸ್ ಕಮಿಟಿಯ ಉತ್ತರ ಮುಂದಿನ ವಾರ ಬಂತು. ರೋಗಿಯ ಅನುಮತಿ ಕೇಳಿ, ಆಕೆ ಒಪ್ಪಿದರೆ ಮನೆಯವರಿಗೆ ತಿಳಿಸಬಹುದು ಎಂದಿತ್ತು. ಅದಕ್ಕೆ ಕಮಿಟಿ ಯಾಕೆ ಬೇಕಿತ್ತು? ಆ ಮಂಗಳವಾರವೇ, ಚಂಚಿ ಬಿಚ್ಚಿದ ಹೊತ್ತಿನಲ್ಲೇ ನಾನು ಕೇಳಬಹುದಿತ್ತು. ಯಾವ ನಿಯಮವೂ ಅದಕ್ಕೆ ಅಡ್ಡ ಬರುತ್ತಿರಲಿಲ್ಲ. ತಂಡದ ಪರಿಶೀಲನೆಯಲ್ಲಿ ನನ್ನ ನಡವಳಿಕೆಯಲ್ಲಿ ಯಾವ ಲೋಪವೂ ಇಲ್ಲವೆಂದು ದಾಖಲಾಯಿತು.

ತಿಂಗಳಾದ ಮೇಲೆ ಹೋದೆ. ಶಿವರಾಜ ಚಹಾ ತರಿಸಿದ. ತಾಯಿಯ ಕೋಣೆಯ ಬಾಗಿಲು ತೆರೆದಿತ್ತು, ಮಂಚ ತೆಗೆದಿದ್ದರು. ಚಹಾ ಮುಗಿದ ಮೇಲೆ ಅವನು ಕೇಳಿದ.

"ಅವ್ವಗ ಗೊತ್ತದ ಅಂತ ನಿಮಗ ಯಾವಾಗ ಗೊತ್ತಾತ್ರಿ ಮೇಡಂ?"

ಸುಳ್ಳು ಹೇಳಬಹುದಿತ್ತು. ಆ ಮನೆಯಲ್ಲಿ ಸುಳ್ಳು ಸಾಕಾಗಿತ್ತು. ಮೊದಲ ದಿನವೇ ಎಂದೆ.

ಅವನು ಬೆರಳು ಮಡಚಿ ಎಣಿಸಲಿಲ್ಲ, ಎಣಿಸುವುದು ಮೊದಲೇ ಆಗಿತ್ತು ಅನಿಸುತ್ತದೆ. "ಒಂಬತ್ತು ದಿನ," ಅಂದ. "ನಂಗ ಗೊತ್ತಿದ್ರ ಅಷ್ಟು ದಿನ ಆಕಿ ಜೋಡಿ ಮಾತಾಡತಿದ್ದೆ." ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬಸ್ಸಿನ ತನಕ ಬಂದು ಕಳಿಸಿಕೊಟ್ಟ.

ಅಲ್ಲಿಯವರೆಗೆ ನಾನು ವೀಳ್ಯೆಯ ಬಗ್ಗೆಯೇ ಯೋಚಿಸುತ್ತಿದ್ದೆ. ಅವನು ಕಳಕೊಂಡದ್ದು ಬೇರೆ ಎಂದು ಆ ಮಾತಿನಿಂದ ತಿಳಿಯಿತು. ಗುಟ್ಟಿಲ್ಲದೆ ತಾಯಿಯ ಹತ್ತಿರ ಕೂರಬಹುದಾಗಿದ್ದ ಒಂಬತ್ತು ದಿನಗಳವು, ನನ್ನ ನೋಟ್‌ಬುಕ್ಕಿನಲ್ಲಿ ಇದ್ದವು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ರೋಗಿಗೆ ಸತ್ಯ ಹೇಳಬೇಕೋ ಬೇಡವೋ ಎಂದು ನಾವು ಪುಟಗಟ್ಟಲೆ ಚರ್ಚಿಸುತ್ತೇವೆ. ರೋಗಿ ನಮಗೆ ಒಂದು ಸತ್ಯ ಹೇಳಿದಾಗ ಅದನ್ನು ಯಾರಿಗಾಗಿ ಹೇಳಿದರೆಂದು ಕೇಳುವುದಿಲ್ಲ. ಸಾಯುವವರಿಗೆ ಸುಮ್ಮನೆ ಮಾತಾಡುವಷ್ಟು ಬಿಡುವು ಇರುವುದಿಲ್ಲ. ಈಗ ನಾನು ರೆಕಾರ್ಡರ್ ನಿಲ್ಲಿಸಿದ ಮೇಲೆ, ಚೀಲ ಹೆಗಲಿಗೆ ಹಾಕುವ ಮೊದಲು, ಪಟ್ಟಿಯಲ್ಲಿಲ್ಲದ ಒಂದು ಪ್ರಶ್ನೆ ಕೇಳುತ್ತೇನೆ. "ಇದು ಯಾರಿಗರ ಮುಟ್ಟಸೂದು ಅದೇನ್ರಿ?" ಹೆಚ್ಚಿನವರು ಬ್ಯಾಡ ಅನ್ನುತ್ತಾರೆ. ಕೆಲವರು ಹೊರಗೆ ಯಾರೋ ಕೆಮ್ಮಿದ ಕಡೆ ನೋಡುತ್ತಾರೆ. ಆಗ ನಾನು ಎದ್ದು ಹೋಗಿ, ಅಲ್ಲಿ ಯಾರಿದ್ದಾರೆಂದು ನೋಡಿ, ಅವರನ್ನು ಒಳಗೆ ಕರೆಯಲೇ ಎಂದು ಕೇಳುತ್ತೇನೆ.